ಮಣ್ಣು ಬೆರೆತಾಗ

ಕುಂಬಾರಿಕೆಯ ಬಗ್ಗೆ ಮಾತಾಡಲು ಹೇಳಿದ್ದೀರಿ. ನಾನು ದೂರದ ಪೆರುವಿನಿಂದ ಶುರುಮಾಡುತ್ತೇನೆ, ಆದರೆ ಬೇಗ ಧಾರಾವಿಗೆ ಬಂದುಬಿಡುತ್ತೇನೆ.

ಸುಮಾರು 1470ರಲ್ಲಿ ಇಂಕಾಗಳು ಕರಾವಳಿಯ ಚಿಮೂ ರಾಜ್ಯವನ್ನು ಗೆದ್ದರು. ಅಲ್ಲಿನ ಕುಶಲಕರ್ಮಿಗಳನ್ನು ತಮ್ಮ ರಾಜಧಾನಿ ಕುಸ್ಕೊಗೆ ಕರೆದೊಯ್ದರು. ಇದರಿಂದಾಗಿ ಇಂಕಾ ಆಕಾರದ ಹೂಜಿಗಳು ಚಿಮೂಗಳ ಹೊಳೆಯುವ ಕಪ್ಪು ಮೈಯಲ್ಲಿ ಹುಟ್ಟಿದವು. ತಿಗರಿ ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲವೂ ಕೈ ಮತ್ತು ಅಚ್ಚಿನ ಕೆಲಸ. ಆ ಬೆರೆಕೆ ಎಷ್ಟು ಚೆಂದವಿದ್ದರೂ ಅದು ಸೋತವರ ಒಪ್ಪಿಗೆ ಕೇಳಿ ಆದದ್ದಲ್ಲ, ಇದನ್ನು ಮರೆಯಬಾರದು.

ನಮ್ಮ ಮುಂಬಯಿಯಲ್ಲೂ ಇಂಥದೊಂದು ಬೆರೆಕೆ ನಡೆದಿದೆ. 1870ರ ದಶಕದಲ್ಲಿ ಜೆ.ಜೆ. ಕಲಾಶಾಲೆಯ ಜಾರ್ಜ್ ಟೆರಿ ಎಂಬವರು ಸಿಂಧ್‌ನ ಕುಂಬಾರರನ್ನು ಇಲ್ಲಿಗೆ ಕರೆಸಿದರು. ಸಿಂಧಿನ ಹೊಳಪಿನ ಲೇಪ, ಅಜಂತೆಯ ಗುಹೆಗಳ ಚಿತ್ರ, ಇಂಗ್ಲಿಷರ ಅಭಿರುಚಿ ಮೂರೂ ಒಂದೇ ಹೂದಾನಿಯ ಮೇಲೆ ಸೇರಿದವು! ರಾಣಿಬಾಗ್ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ಇವನ್ನು ನೋಡಬಹುದು. ಮಕ್ಕಳನ್ನು ಪ್ರಾಣಿಗಳನ್ನು ನೋಡಲು ಕರೆದೊಯ್ಯುವ ನಾವು ಅದರ ಬಾಗಿಲು ದಾಟುವುದೇ ಕಡಿಮೆ.

ಇನ್ನು ಧಾರಾವಿಯ ಕುಂಭಾರವಾಡಾ. ಇಲ್ಲಿಯ ಕುಟುಂಬಗಳು ಸೌರಾಷ್ಟ್ರದಿಂದ ಬಂದವು. ಮನೆಯೇ ಕಾರ್ಖಾನೆ: ಒಳಗೆ ತಿಗರಿ, ಹೊರಗೆ ಅಂಗಳದಲ್ಲಿ ಆವಿಗೆ, ಬಟ್ಟೆ ಕಾರ್ಖಾನೆಗಳ ಚಿಂದಿಯೇ ಉರುವಲು. ಆ ಹೊಗೆ ಕಣ್ಣಿಗೂ ಎದೆಗೂ ಒಳ್ಳೆಯದಲ್ಲ, ಅದನ್ನು ನುಂಗುವವರಲ್ಲಿ ಹೆಂಗಸರೂ ಇದ್ದಾರೆ. ಮಣ್ಣು ತುಳಿದು ಹದಮಾಡುವುದು, ಒಣಗಿಸುವುದು, ಬಣ್ಣ ಹಚ್ಚುವುದು ಅವರ ಪಾಲು. ತಿಗರಿ ಮಾತ್ರ ಸಂಪ್ರದಾಯದಂತೆ ಗಂಡಸರದು. ನಮ್ಮೂರ ಕುಂಬಾರರಲ್ಲೂ ಹೀಗೇ ಅಲ್ಲವೇ? ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡಿದವಳನ್ನು "ಸಹಾಯಕ್ಕಿದ್ದಾಳೆ" ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಈಗ ಧಾರಾವಿಯ ಪುನರಾಭಿವೃದ್ಧಿಯ ಮಾತು ನಡೆದಿದೆ. ಒಳ್ಳೆಯ ಮನೆ, ನಲ್ಲಿ ನೀರು, ಶೌಚಾಲಯ ಅವರಿಗೂ ಬೇಕು. ಆದರೆ ಹತ್ತನೇ ಮಹಡಿಯಲ್ಲಿ ಆವಿಗೆ ಎಲ್ಲಿ ಹಾಕುವುದು? ಸಾವಿರ ಹಣತೆ ಒಣಗಲು ಬಿಸಿಲು ಬೀಳುವ ನೆಲ ಎಲ್ಲಿದೆ? ನಕ್ಷೆ ಬರೆಯುವವರು ಈ ಪ್ರಶ್ನೆಯನ್ನು ಆ ಹೆಂಗಸರಿಗೇ ಕೇಳಬೇಕು.

ದೀಪಾವಳಿಗೆ ಮೊದಲು ನಮ್ಮ ಮಹಿಳಾ ವಿಭಾಗದಿಂದ ಅಲ್ಲಿಗೊಮ್ಮೆ ಹೋಗೋಣ. ಸಾಯನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಚೌಕಾಸಿ ಮಾತ್ರ ಬೇಡ, ಮತ್ತೆ ದೊಡ್ಡ ಚೀಲ ತನ್ನಿ.