ಗಾಯ ಮಾಯುವ ಬಗೆ

ಕನ್ನಡದಲ್ಲಿ ‘ಮಾಯು’ ಎಂಬುದೊಂದು ಕ್ರಿಯಾಪದವುಂಟು. ಹರಿದ ಬಟ್ಟೆಯನ್ನು ನಾವು ಹೊಲಿಯುತ್ತೇವೆ, ಮುರಿದ ಬೇಲಿಯನ್ನು ಕಟ್ಟುತ್ತೇವೆ, ಗಾಯವಾದರೋ ಮಾಯುತ್ತದೆ. ಹೊಲಿಯುವುದಕ್ಕೂ ಕಟ್ಟುವುದಕ್ಕೂ ಕರ್ಮಪದ ಬೇಕು, ಮಾಯುವುದಕ್ಕೆ ಬೇಡ. ವ್ಯಾಕರಣದಲ್ಲಿ ಇಂಥದನ್ನು ಅಕರ್ಮಕವೆನ್ನುತ್ತಾರೆ. ವೈದ್ಯರು ಗಾಯವನ್ನು ತೊಳೆಯಬಹುದು, ಹೊಲಿಗೆ ಹಾಕಬಹುದು, ಪಟ್ಟಿ ಕಟ್ಟಬಹುದು. ಮಾಯುವ ಕೆಲಸ ಮಾತ್ರ ಮೈಯೊಳಗೇ ನಡೆಯಬೇಕು. ಆ ಕೆಲಸ ಮಾಡುವವರು ಯಾರು, ಅವರಿಗೆ ಅಡ್ಡಿಯಾಗುವುದು ಯಾವುದು ಎಂಬುದೇ ಈ ಹೊತ್ತಿನ ಮಾತು.

ನಮ್ಮ ಸೀಮೆಯಲ್ಲಿ ಗಾಯಕ್ಕೇನೂ ಬರವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆಂದು ಸೌದೆ ಸೀಳುವಾಗ ಕೊಡಲಿ ಜಾರುತ್ತದೆ. ಕೃಷ್ಣರಾಜನಗರದ ನಾಲೆಬಯಲಿನಲ್ಲಿ ಭತ್ತ ಕೊಯ್ಯುವಾಗ ಕುಡುಗೋಲು ಬೆರಳಿಗೆ ತಗಲುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬಿದಿರುಮುಳ್ಳು ಅಂಗಾಲಿಗೆ ನಾಟುತ್ತದೆ. ಪೇಟೆಯವರಿಗೆ ಮನೆಯ ಈಳಿಗೆಮಣೆ ಇದ್ದೇ ಇದೆ.

ಚರ್ಮವೆಂಬುದು ಕೆರೆಯ ಏರಿ ಇದ್ದಂತೆ. ಒಳಗಿನದನ್ನು ಹೊರಕ್ಕೆ ಬಿಡದು, ಹೊರಗಿನ ಕ್ರಿಮಿಯನ್ನು ಒಳಕ್ಕೆ ಬಿಡದು. ಏರಿ ಒಡೆದಾಗ ಊರವರು ಮೊದಲು ಮಾಡುವುದೇನು? ಸಿಕ್ಕಿದ ಮುಳ್ಳು, ಮಣ್ಣು, ಮರಳಿನ ಮೂಟೆಗಳನ್ನು ತುಂಬಿ ನೀರನ್ನು ತಡೆಯುತ್ತಾರೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಹಾಗೆಯೇ ಒಂದಕ್ಕೊಂದು ಅಂಟಿಕೊಂಡು, ನಾರಿನ ಬಲೆಯೊಂದರ ನೆರವಿನಿಂದ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಅದೇ ಹೊತ್ತಿನಲ್ಲಿ ಕೆಲವು ರಸಗಳನ್ನು ಹೊರಬಿಟ್ಟು, ಏರಿ ಒಡೆದಿದೆಯೆಂದು ಡಂಗುರ ಸಾರುತ್ತವೆ.

ಡಂಗುರ ಕೇಳಿ ಮೊದಲು ಓಡಿಬರುವವು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು. ಎಲುಬಿನೊಳಗಿನ ಮಜ್ಜೆಯು ಇವನ್ನು ದಿನವೊಂದಕ್ಕೆ ಸುಮಾರು 10,000 ಕೋಟಿಯಷ್ಟು ಉತ್ಪತ್ತಿಮಾಡುತ್ತದೆ. ಗಾಯವಾದ ಕೆಲವೇ ಗಂಟೆಗಳಲ್ಲಿ ಇವು ರಕ್ತನಾಳದ ಗೋಡೆಯ ಸಂದಿನಿಂದ ನುಸುಳಿ ಬಂದು, ಕ್ರಿಮಿಗಳನ್ನು ನುಂಗಿ, ಆಮ್ಲಜನಕದಿಂದ ತಯಾರಿಸಿಕೊಂಡ ತೀಕ್ಷ್ಣವಾದ ವಸ್ತುಗಳಿಂದ ಅವನ್ನು ಕೊಲ್ಲುತ್ತವೆ. ಇವುಗಳ ಆಯುಸ್ಸು ಅಲ್ಪ. ಕೀವೆಂದು ನಾವು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದರಲ್ಲಿ ಹೆಚ್ಚಿನ ಪಾಲು ಹೀಗೆ ಹೋರಾಡಿ ಮಡಿದ ಕಣಗಳೇ. ಗಾಯದ ಸುತ್ತ ಕೆಂಪು, ಬಿಸಿ, ಊತ, ನೋವು ಕಾಣಿಸಿಕೊಳ್ಳುವುದನ್ನು ರೋಮಿನ ಸೆಲ್ಸಸ್ ಎಂಬಾತ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಮೊದಲ ಎರಡು ಮೂರು ದಿನ ಇವು ಮಿತವಾಗಿ ಇದ್ದರೆ ಗಾಬರಿ ಬೇಡ. ಕೆಲಸದವರು ಬಂದಿದ್ದಾರೆಂದೇ ಅದರ ಅರ್ಥ.

ಈ ಕೆಲಸದವರನ್ನು ಮನುಷ್ಯನು ಕಂಡುಕೊಂಡದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ಊರಿನಲ್ಲಿದ್ದ ಮೆಚ್ನಿಕಾಫ್ ಎಂಬ ವಿಜ್ಞಾನಿ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟ. ಮರುದಿನ ಬೆಳಗ್ಗೆ ನೋಡಿದರೆ, ಓಡಾಡುವ ಕಣಗಳು ಮುಳ್ಳಿನ ಸುತ್ತ ಗುಂಪುಗೂಡಿದ್ದವು. ದೇಹವು ತನ್ನನ್ನು ತಾನು ಕಾಪಾಡಿಕೊಳ್ಳುವ ಕ್ರಮಕ್ಕೆ ಇದೊಂದು ಬೀಗದಕೈ ಆಯಿತು. 1908ರಲ್ಲಿ ಆತನಿಗೂ ಪಾಲ್ ಏರ್ಲಿಷ್‌ಗೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಟ್ಟರು.

ಎರಡು ಮೂರು ದಿನಗಳ ತರುವಾಯ ಬರುವ ತಂಡದ ಹೆಸರು ಮ್ಯಾಕ್ರೋಫೇಜ್. ಗ್ರೀಕ್ ಭಾಷೆಯಲ್ಲಿ ಇದಕ್ಕೆ ದೊಡ್ಡ ಭಕ್ಷಕನೆಂದು ಅರ್ಥ. ನಾವು ಬಕಾಸುರನೆಂದರೂ ಸಲ್ಲುತ್ತದೆ. ಸತ್ತ ಕ್ರಿಮಿ, ಸತ್ತ ನ್ಯೂಟ್ರೋಫಿಲ್, ಹರಿದ ಮಾಂಸದ ಚೂರು ಎಲ್ಲವನ್ನೂ ನುಂಗಿ ಇವು ಜಾಗವನ್ನು ಹಸನುಮಾಡುತ್ತವೆ. ಆದರೆ ಬಕಾಸುರನಿಗಿಲ್ಲದ ಗುಣವೊಂದು ಇವಕ್ಕುಂಟು. ಕಸ ಬಳಿದಾದ ಮೇಲೆ ಇವು ಸ್ವಭಾವವನ್ನೇ ಬದಲಿಸಿಕೊಂಡು ಮೇಸ್ತ್ರಿಗಳಾಗುತ್ತವೆ. ನಾರು ನೇಯುವ ಕಣಗಳನ್ನು ಕರೆಸುತ್ತವೆ, ಹೊಸ ರಕ್ತನಾಳ ಚಿಗುರುವಂತೆ ಮಾಡುತ್ತವೆ, ಅಂಚಿನ ಚರ್ಮ ಒಳಮುಖವಾಗಿ ಹಬ್ಬಲು ಅನುವು ಮಾಡಿಕೊಡುತ್ತವೆ. 1972ರಲ್ಲಿ ಸಿಂಪ್ಸನ್ ಮತ್ತು ರಾಸ್ ಎಂಬವರು ಗಿನಿಹಂದಿಗಳಲ್ಲಿ ನ್ಯೂಟ್ರೋಫಿಲ್‌ಗಳನ್ನು ಕಳೆದು ನೋಡಿದರು. ಕ್ರಿಮಿ ಸೋಂಕದ ಗಾಯವು ಎಂದಿನಂತೆಯೇ ಮಾಯಿತು. 1975ರಲ್ಲಿ ಲೀಬೊವಿಚ್ ಮತ್ತು ರಾಸ್ ಮ್ಯಾಕ್ರೋಫೇಜ್‌ಗಳನ್ನು ಕಳೆದು ನೋಡಿದರು. ಕಸ ಉಳಿಯಿತು, ನಾರು ಹೆಣೆಯುವ ಕೆಲಸ ತಡವಾಯಿತು. ಕಾವಲುಗಾರನಿಲ್ಲದಿದ್ದರೂ ಕಳ್ಳ ಬಾರದ ದಿನ ಮನೆ ಉಳಿದೀತು. ಮೇಸ್ತ್ರಿಯಿಲ್ಲದೆ ಗೋಡೆ ಏಳದು.

ಹಕ್ಕಳೆ ಉದುರಿದರೆ ಕೆಲಸ ಮುಗಿಯಿತೆಂದಲ್ಲ. ಒಳಗಿನ ನಾರುಗಳನ್ನು ಬಿಚ್ಚಿ ಮತ್ತೆ ಹೆಣೆಯುವುದು ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟಾದರೂ ಹಳೆಯ ಚರ್ಮದ ಬಲದಲ್ಲಿ ನೂರಕ್ಕೆ ಸುಮಾರು 80ರಷ್ಟೇ ಹಿಂದಿರುಗುವುದು. ಮಾಯ್ದ ಮೇಲೆಯೂ ದೇಹವಿರುವ ತನಕ ಗುರುತು ಅಳಿಯದಾದ್ದರಿಂದಲೇ ವ್ರಣವೆಂಬ ಹೆಸರು ಬಂದಿತೆಂದು ಸುಶ್ರುತರು ನಿರ್ವಚನ ಮಾಡಿದ್ದಾರೆ. ಕಲೆಯ ಈ ಸಂಗತಿ ಹಿಂದಿನವರ ಕಣ್ಣಿಗೆ ಬಿದ್ದೇ ಇತ್ತು.

ಇನ್ನು ಅಡ್ಡಿಗಳ ಮಾತು. ಗಾಯವಾದೊಡನೆ ಕೈಗೆ ಸಿಕ್ಕಿದ ಕಾಫಿಪುಡಿ, ಸುಣ್ಣ, ಬೂದಿ, ಹೊಗೆಸೊಪ್ಪಿನ ಪುಡಿಯನ್ನು ಮೆತ್ತುವ ರೂಢಿ ನಮ್ಮಲ್ಲಿದೆ. ರಕ್ತ ನಿಲ್ಲಲೆಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ಕಸ ಬಳಿಯಲು ಬಂದವರ ತಲೆಯ ಮೇಲೆ ಇನ್ನೊಂದು ಗಾಡಿ ಕಸ ಸುರಿದಂತಾಗುತ್ತದೆ. ಶುದ್ಧವಾದ ಬಟ್ಟೆಯನ್ನು ಒತ್ತಿಹಿಡಿದರೆ ರಕ್ತ ನಿಲ್ಲುತ್ತದೆ. ಶುದ್ಧವಾದ ನೀರು, ಸಾಬೂನುಗಳಿಂದ ತೊಳೆದು ಮುಚ್ಚಿದರೆ ಸಾಮಾನ್ಯ ಗಾಯಕ್ಕೆ ಅಷ್ಟು ಸಾಕು. ಮಣ್ಣು, ಸಗಣಿಗಳಲ್ಲಿ ಧನುರ್ವಾಯುವಿನ ಕ್ರಿಮಿ ಅಡಗಿರುತ್ತದೆ. ಅದರ ವಿಷ ನರಗಳಿಗೆ ಏರಿದ ಮೇಲೆ ಬಿಳಿಯ ಕಣಗಳ ಪರಾಕ್ರಮ ನಡೆಯದು. ಆದುದರಿಂದ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರಬೇಕು.

ಎರಡನೆಯ ಅಡ್ಡಿ ನಮ್ಮ ಸೀಮೆಗೆ ತೀರ ಹತ್ತಿರದ್ದು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳಿಗೆ ಹೋಗುವ ಹೊಂಬಣ್ಣದ ಎಲೆಯಿಂದ ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು ನಡೆದಿವೆ. ಬೆಳೆದವರನ್ನು ದೂರುವ ಮಾತಲ್ಲ ಇದು. ಆದರೆ ಆ ಎಲೆಯನ್ನು ಸುಟ್ಟು ಸೇದಿದಾಗ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಕೆಲಸದವರು ಬರುವ ದಾರಿ ಕಿರಿದಾಯಿತು, ಅವರ ಬುತ್ತಿಯೂ ಕಡಿಮೆಯಾಯಿತು. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ ಬೀಡಿ ಸಿಗರೇಟು ಬಿಡಿರೆಂದು ವೈದ್ಯರು ಹೇಳುವುದು ಇದಕ್ಕೇ. ಎಲೆ ಬೆಳೆದ ಕೈಗೆ ಆದ ಗಾಯವನ್ನು ಆ ಎಲೆಯ ಹೊಗೆಯೇ ಮಾಯಲು ಬಿಡದೆಂದರೆ ಅದಕ್ಕಿಂತ ವಿಪರ್ಯಾಸ ಬೇರೇನು?

ಮೂರನೆಯದು ಸಕ್ಕರೆ ಕಾಯಿಲೆ. ಅದು ಬಲಿತವರ ಗಾಯದಲ್ಲಿ ಭಕ್ಷಕ ಕಣಗಳು ಮೇಸ್ತ್ರಿಗಳಾಗಿ ಮಾರ್ಪಡುವುದೇ ನಿಧಾನ. ಜಗಳದಲ್ಲೇ ಕಾಲ ಕಳೆಯುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಂತೆ ಕೆಡಹುವುದು ಒಂದು ಕಡೆ, ಕಟ್ಟುವುದು ಒಂದು ಕಡೆ ಎಳೆದಾಡುತ್ತವೆ. ಕಾಲಿನ ಸ್ಪರ್ಶಜ್ಞಾನವೂ ಕುಂದಿದ್ದರೆ ಮುಳ್ಳು ನಾಟಿದ್ದೇ ಅವರಿಗೆ ತಿಳಿಯದು. ಅಂಥವರು ದಿನವೂ ಮಲಗುವ ಮುಂಚೆ ಅಂಗಾಲನ್ನು ನೋಡಿಕೊಳ್ಳಬೇಕು. ಗಾಯ ಕಂಡರೆ ಅದು ಎಷ್ಟೇ ಸಣ್ಣದಿರಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದವರೂ ಅಷ್ಟೆ. ಕೆಂಪು ದಿನದಿನಕ್ಕೆ ಹಬ್ಬುತ್ತಿದ್ದರೆ, ಜ್ವರ ಬಂದರೆ, ಎರಡು ವಾರವಾದರೂ ಗಾಯ ಕುಗ್ಗದಿದ್ದರೆ, ಕೆಲಸದವರಿಗೆ ನೆರವು ಬೇಕಾಗಿದೆಯೆಂದು ತಿಳಿಯಬೇಕು.

ವ್ರಣಕ್ಕೆ 60 ಉಪಕ್ರಮಗಳನ್ನು ಸುಶ್ರುತರು ಹೇಳಿದ್ದಾರೆ. ಅಷ್ಟನ್ನೂ ಕಲಿಯುವುದು ವೈದ್ಯರ ಪಾಲಿಗಿರಲಿ. ಗೃಹಸ್ಥರಾದ ನಮಗೆ ಮೂರು ಸಾಕು: ತೊಳೆಯುವುದು, ಮುಚ್ಚುವುದು, ಹೊಗೆಯಿಂದ ದೂರವಿರುವುದು. ಉಳಿದದ್ದನ್ನು ಒಳಗಿನವರು ಮಾಡುತ್ತಾರೆ, ಗಾಯ ಮಾಯುತ್ತದೆ.