ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನಮಗೆ ಸಿಕ್ಕಿದ್ದು



ಈ ದಿನ ಮಾತಾಡುವವರು ಕನ್ನಡ ಕಲಿತದ್ದರ ಬಗ್ಗೆ ಹೇಳುವುದು ವಾಡಿಕೆ. ನಾನು ಟೀಚರ್ ಅವರನ್ನು ಕೇಳಿ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಕೊನೆಯಲ್ಲಿ ಅದು ಕನ್ನಡಕ್ಕೇ ಬಂದು ಸೇರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ನಾವು ಸ್ಟಾಕ್‌ಹೋಮಿಗೆ ಬಂದಾಗ ನನಗೆ ಎಂಟು ವರ್ಷ. ನವೆಂಬರ್ ತಿಂಗಳು. ದಾವಣಗೆರೆಯ ಬಿಸಿಲಿನಿಂದ ಬಂದವರಿಗೆ ಮಧ್ಯಾಹ್ನ ಮೂರೂವರೆಗೆ ಲೈಟ್ ಹಾಕುವುದು ಹೇಗಿರುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅಪ್ಪ ಕಿಸ್ತಾದ ಆಫೀಸಿಗೆ ಹೋಗುತ್ತಿದ್ದರು, ನಾನು ಶಾಲೆಗೆ. ಅಮ್ಮ ಮನೆಯಲ್ಲಿ ಒಬ್ಬರೇ. ಊರಿನಲ್ಲಿ ಅವರು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇಲ್ಲಿ ಅಂಗಡಿಯಲ್ಲಿ ಹಾಲು ಯಾವುದು, ಮೊಸರು ಯಾವುದು ಎಂದು ನಾನು ಓದಿ ಹೇಳಬೇಕಿತ್ತು.

ಒಂದು ದಿನ ಶಾಲೆಯಿಂದ ಬಂದಾಗ ಮನೆ ಕತ್ತಲೆಯಾಗಿತ್ತು. ಅಮ್ಮ ಜಾಕೆಟ್, ಬೂಟು ಎಲ್ಲ ಹಾಕಿಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತಿದ್ದರು. ಬೆಳಿಗ್ಗೆ ಹೊರಗೆ ಹೊರಟವರು ಹೋಗಿರಲೇ ಇಲ್ಲ. ಎಲ್ಲಿಗೆ ಹೋಗಬೇಕು ಎಂದೇ ಗೊತ್ತಾಗಲಿಲ್ಲವಂತೆ. ಆ ರಾತ್ರಿ ಫೋನಿನಲ್ಲಿ ಅಜ್ಜಿಗೆ ಅವರು "ಇಲ್ಲಿ ಎಲ್ಲಾ ಚೆನ್ನಾಗಿದೆಯಮ್ಮ" ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಇದನ್ನು ಇಲ್ಲಿ ಹೇಳಬಹುದೇ ಎಂದು ಅಮ್ಮನನ್ನು ಕೇಳಿದೆ. "ಹೇಳು, ಆವಾಗ ನನ್ನ ಹಾಗೆ ಕೂತವರು ಈ ಹಾಲ್‌ನಲ್ಲೂ ಇರುತ್ತಾರೆ" ಎಂದರು.

ಗ್ರಂಥಾಲಯಕ್ಕೆ ನಾವು ಮೊದಲು ಹೋದದ್ದು ಪುಸ್ತಕಕ್ಕಲ್ಲ. ನನ್ನ ಕಾಲುಚೀಲ ಒದ್ದೆಯಾಗಿತ್ತು, ಅಲ್ಲಿ ಬೆಚ್ಚಗಿತ್ತು, ಯಾರೂ ದುಡ್ಡು ಕೇಳಲಿಲ್ಲ. ಬಾಗಿಲ ಬಳಿ ಒಂದು ಬೋರ್ಡಿನ ತುಂಬ ಚೀಟಿಗಳು. ನನಗೆ ಬಂದಷ್ಟು ಸ್ವೀಡಿಷ್‌ನಲ್ಲಿ ಓದಿ ಅನುವಾದ ಮಾಡುತ್ತಾ ಹೋದೆ. "ಸ್ಪ್ರೋಕ್‌ಕಫೆ" ಎಂಬುದನ್ನು "ಭಾಷೆ ಕಾಫಿ" ಎಂದೆ. "ಭಾಷೆಯನ್ನು ಕುಡಿಯುತ್ತಾರೇನೋ?" ಎಂದು ಅಮ್ಮ ನಕ್ಕರು. ಬಹಳ ದಿನಗಳ ಮೇಲೆ ನಕ್ಕಿದ್ದು.

ಮೂರು ವಾರ ಆ ಗಾಜಿನ ಕೋಣೆಯವರೆಗೆ ಹೋಗಿ ವಾಪಸು ಬಂದೆವು. ನಾಲ್ಕನೇ ವಾರ ಒಳಗೆ ಹೋದರು. ನಿವೃತ್ತರಾದ ಇಬ್ಬರು ಸ್ವೀಡಿಷ್ ಅಜ್ಜಿಯರು, ಸಿರಿಯಾದ ಒಬ್ಬ ಆಂಟಿ, ಎರಿಟ್ರಿಯಾದ ಒಬ್ಬ ಅಂಕಲ್. ಒಂದು ಗಂಟೆ ಪೂರ್ತಿ ಆಲೂಗಡ್ಡೆಯ ಬಗ್ಗೆ ಮಾತಾಡಿದರು. ಅಮ್ಮ ಐದು ವಾಕ್ಯ ಹೇಳಿದರು, ಅದರಲ್ಲಿ ಮೂರು ತಪ್ಪು, ಮನೆಗೆ ಬಂದು ಅವರೇ ಲೆಕ್ಕ ಒಪ್ಪಿಸಿದರು. ಈಗ ಅಮ್ಮ ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ಅದು ಗ್ರಂಥಾಲಯದಿಂದಲೇ ಆಯಿತು ಎಂದರೆ ಸುಳ್ಳಾಗುತ್ತದೆ. ನಡುವೆ ಎಸ್‌ಎಫ್‌ಐ ತರಗತಿ, ಪರೀಕ್ಷೆಗಳು, ಐದು ವರ್ಷಗಳ ಓದು ಇವೆ. ಆದರೆ ಎಸ್‌ಎಫ್‌ಐಗೆ ಅರ್ಜಿ ಹಾಕುವುದು ಹೇಗೆ ಎಂದು ಮೊದಲು ಹೇಳಿದ್ದು ಗ್ರಂಥಾಲಯದ ಮೇಜಿನ ಹಿಂದೆ ಕುಳಿತಿದ್ದವರು.

ಆ ಮೇಜಿನ ಹತ್ತಿರ ಏನು ಕೇಳಿದರೂ ಹೇಳುತ್ತಾರೆ. ಅಪ್ಪ ನನಗೆ ಸ್ಕೇಟ್ಸ್ ಕೊಂಡುಕೊಟ್ಟಿದ್ದರು. ಮುಂದಿನ ಚಳಿಗಾಲಕ್ಕೆ ಕಾಲು ಹಿಡಿಸಲಿಲ್ಲ, ಆ ದುಡ್ಡಿನ ಕಥೆ ನಮ್ಮ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ. ಸ್ಕೇಟಿಂಗ್ ಪುಸ್ತಕ ಹುಡುಕುತ್ತಿದ್ದಾಗ ಗ್ರಂಥಪಾಲಕಿ ಫ್ರೀತೀಡ್ಸ್‌ಬಾಂಕೆನ್ ಬಗ್ಗೆ ಹೇಳಿದರು. ಅದು ಆಟದ ಸಾಮಾನುಗಳ ಗ್ರಂಥಾಲಯ. ಸ್ಕೇಟ್ಸ್, ಸ್ಕೀ, ಹೆಲ್ಮೆಟ್ ಎಲ್ಲವನ್ನೂ 14 ದಿನ ಉಚಿತವಾಗಿ ಕೊಡುತ್ತಾರೆ. 2013ರಲ್ಲಿ ವೆರ್ಮ್‌ಲ್ಯಾಂಡಿನ ದೇಯೆ ಎಂಬ ಚಿಕ್ಕ ಊರಿನಲ್ಲಿ ಶುರುವಾದದ್ದು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಸ್ಕೇಟ್ಸ್ ಕೊಂಡಿಲ್ಲ.

ಪೇಟೆಯ ಕುಲ್ತೂರ್‌ಹುಸೆಟ್‌ನಲ್ಲಿ ತೀಯೊತ್ರೆತ್ತೊನ್ ಎಂಬ ಗ್ರಂಥಾಲಯವಿದೆ. 10ರಿಂದ 13 ವರ್ಷದ ಮಕ್ಕಳಿಗೆ ಮಾತ್ರ, ದೊಡ್ಡವರು ಒಳಗೆ ಬರುವಂತಿಲ್ಲ. ಅಲ್ಲಿ ಅಡುಗೆಮನೆಯೂ ಇದೆ. ನಾನು ಮೊದಲ ಸಲ ಹೋದಾಗ ಅಮ್ಮ ಬಾಗಿಲ ಹೊರಗೆ ನಿಂತು ಎರಡು ಸಲ ಫೋನ್ ಮಾಡಿದರು, ಒಳಗೆ ಗ್ಯಾಸ್ ಯಾರು ಹಚ್ಚುತ್ತಾರೆ ಎಂದು. ನಿಮ್ಮಲ್ಲಿ ಹಲವರು ಕೆಲಸ ಮಾಡುವ ಕಿಸ್ತಾದ ಮಾಲ್‌ನೊಳಗಿನ ಗ್ರಂಥಾಲಯಕ್ಕೆ 2015ರಲ್ಲಿ ವರ್ಷದ ಅತ್ಯುತ್ತಮ ಸಾರ್ವಜನಿಕ ಗ್ರಂಥಾಲಯ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿದೆ. ಅಪ್ಪ ಅದರ ಮುಂದೆಯೇ ವರ್ಷಗಟ್ಟಲೆ ಊಟಕ್ಕೆ ಹೋಗಿದ್ದಾರೆ, ಒಳಗೆ ಕಾಲಿಟ್ಟಿದ್ದು ನಾನು ಕರೆದುಕೊಂಡು ಹೋದ ಮೇಲೆ.

ಊರಿಗೆ ಹೋದಾಗ ಇದನ್ನೆಲ್ಲ ತಾತನಿಗೆ ಜಂಬದಿಂದ ಹೇಳಿದೆ. ಅವರು ಏನೂ ಹೇಳದೆ ಮರುದಿನ ಬೆಳಿಗ್ಗೆ ನನ್ನನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋದರು. ಒಂದೇ ಕೋಣೆ, ಒಂದು ಉದ್ದನೆಯ ಮೇಜು, ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವ ಆರು ಜನ. ಯಾರಿಗೆ ಪಿಂಚಣಿ ಬಂತು, ಎಲ್ಲಿ ಕಣ್ಣಿನ ತಪಾಸಣೆ ಇದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾನೂನು 1965ರಲ್ಲೇ ಬಂದಿದೆ, ಜನ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ ಎಂದು ತಾತ ದಾರಿಯಲ್ಲಿ ಹೇಳಿದರು. ನನ್ನ ಜಂಬ ಸ್ವಲ್ಪ ಇಳಿಯಿತು.

ಈಗ ಕನ್ನಡಕ್ಕೆ ಬರುತ್ತೇನೆ. ನಮ್ಮ ಬಡಾವಣೆಯ ಗ್ರಂಥಾಲಯದ ಕಪಾಟಿನಲ್ಲಿ ಬೇರೆ ಬೇರೆ ಭಾಷೆಗಳ ಪುಸ್ತಕಗಳಿವೆ, ಕನ್ನಡದ್ದು ಒಂದೂ ಇಲ್ಲ. ಕಳೆದ ವರ್ಷ ನನ್ನ ತಂಗಿಗೆ ಓದಿಸಲು ಹುಡುಕುತ್ತಿದ್ದೆ, ನನಗೆ ಬಹಳ ಸಿಟ್ಟು ಬಂತು. ಇಲ್ಲಿನ ಗ್ರಂಥಾಲಯ ಕಾನೂನು 2014ರ ಜನವರಿ 1ರಿಂದ ಜಾರಿಯಲ್ಲಿದೆ. ಸ್ವೀಡಿಷ್ ಅಲ್ಲದ ಮಾತೃಭಾಷೆಯವರ ಕಡೆಗೂ ವಿಶೇಷ ಗಮನ ಕೊಡಬೇಕು ಎಂದು ಅದರಲ್ಲಿದೆ. ಅದನ್ನು ಓದಿಕೊಂಡೇ ಮೇಜಿನ ಹತ್ತಿರ ಹೋದೆ, ವಕೀಲರ ಹಾಗೆ. ಗ್ರಂಥಪಾಲಕಿ ಪೂರ್ತಿ ಕೇಳಿಸಿಕೊಂಡು, "ಕನ್ನಡ ಪುಸ್ತಕವನ್ನು ಇಲ್ಲಿ ಇದುವರೆಗೆ ಯಾರೂ ಕೇಳಿಲ್ಲ" ಎಂದರು. ಯಾರು ಬೇಕಾದರೂ ಪುಸ್ತಕ ತರಿಸಲು ಸಲಹೆ ಕೊಡಬಹುದು ಎಂದು ಫಾರಂ ತೋರಿಸಿ, "ಯಾವ ಪುಸ್ತಕಗಳು ಬೇಕು?" ಎಂದು ಕೇಳಿದರು.

ನನಗೆ ಹೇಳಲು ಬರಲಿಲ್ಲ. ಇಲ್ಲಿ ಏಳು ವರ್ಷ ಕನ್ನಡ ಕಲಿತಿದ್ದೇನೆ, ಆರು ವರ್ಷದ ಹುಡುಗಿ ಓದುವಂಥ ಐದು ಕನ್ನಡ ಪುಸ್ತಕಗಳ ಹೆಸರು ನನ್ನ ಬಾಯಿಗೆ ಬರಲಿಲ್ಲ. ಕಾನೂನು ಗೊತ್ತಿತ್ತು, ಪುಸ್ತಕ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅಳು ಬಂದಿತ್ತು ಎಂದರೆ ಗೆಳೆಯರು ನಗಬಾರದು.

ಆಮೇಲೆ ಟೀಚರ್ ಮತ್ತು ಅಮ್ಮನ ಸಹಾಯದಿಂದ ಎಂಟು ಹೆಸರುಗಳ ಪಟ್ಟಿ ಕೊಟ್ಟೆ. ಪುಸ್ತಕಗಳು ಇನ್ನೂ ಬಂದಿಲ್ಲ. ಒಬ್ಬಳು ಹುಡುಗಿಗೋಸ್ಕರ ತರಿಸುವುದಕ್ಕಿಂತ, ಓದುವ ಮನೆಗಳು ಹತ್ತಿಪ್ಪತ್ತು ಇವೆ ಎಂದು ಗೊತ್ತಾದರೆ ಕೇಳುವುದು ಸುಲಭ ಎಂದು ಗ್ರಂಥಪಾಲಕಿ ಹೇಳಿದ್ದಾರೆ. ಹದಿನೆಂಟು ತುಂಬದ ಮಕ್ಕಳ ಗ್ರಂಥಾಲಯ ಕಾರ್ಡಿಗೆ ಪೋಷಕರ ಸಹಿ ಬೇಕು, ಅದಕ್ಕೇ ಈ ಮಾತನ್ನು ಮಕ್ಕಳ ಮುಂದೆ ಮಾತ್ರ ಹೇಳದೆ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ನಿಮ್ಮ ಮಕ್ಕಳ ಕೈಯಲ್ಲಿ ನೋಡಲು ಆಸೆಪಡುವ ಒಂದು ಕನ್ನಡ ಪುಸ್ತಕದ ಹೆಸರು, ಪಕ್ಕದಲ್ಲಿ ನಿಮ್ಮ ಹತ್ತಿರದ ಗ್ರಂಥಾಲಯ ಯಾವುದು ಎಂದು ಬರೆಯಿರಿ. ಪೆನ್ನನ್ನು ದಾರ ಕಟ್ಟಿ ಇಟ್ಟಿದ್ದೇನೆ. ಊಟದ ಸಾಲು ಆ ಮೇಜಿನ ಪಕ್ಕದಿಂದಲೇ ಶುರುವಾಗುತ್ತದೆ.