ಎಐ ಕಾವಲಿಗೆ ಇನ್ನಷ್ಟು ಜನ ಬೇಕೇ?



ಮಂಗಳೂರಿನ ಅತ್ತಾವರದ ಪಿಜಿಗಳಲ್ಲಿದ್ದು ಓದುವ ಮಕ್ಕಳು, ಅವರ ಹೆತ್ತವರು ಯೋಚಿಸಬೇಕಾದ ಒಂದು ಪ್ರಶ್ನೆ ಇದೆ. ಎಐ ಕಟ್ಟುವ ಕೆಲಸಕ್ಕೆ ಸೇರುವುದೋ, ಅದರಿಂದ ಹಾನಿಯಾಗದಂತೆ ಕಾಯುವ ಕೆಲಸಕ್ಕೋ? ಈ ಎರಡನೆಯ ಕೆಲಸಕ್ಕೆ ಎಐ ಸುರಕ್ಷತೆ ಎಂದು ಹೆಸರು. ಪರೀಕ್ಷೆಯ ಹೊತ್ತಿನಲ್ಲಿ ಸರಿಯಾಗಿದ್ದ ಯಂತ್ರ ಆಮೇಲೂ ಹಾಗೆಯೇ ಇರುತ್ತದೆಯೇ, ಕೆಟ್ಟವರ ಕೈಗೆ ಸಿಕ್ಕರೆ ಏನು ಮಾಡೀತು ಎಂದು ಮೊದಲೇ ಹುಡುಕುವುದು ಅದರ ತಿರುಳು. ಇಂದಿನ ಎಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅಪಾಯಗಳ ಬಗ್ಗೆ ಮುಕ್ತವಾಗಿ ಮಾತಾಡಲೆಂದೇ 2023ರಲ್ಲಿ ಗೂಗಲ್ ಬಿಟ್ಟರು.

ಈ ಕಾವಲಿಗೆ ಹೆಚ್ಚು ಜನ ಬೇಕೇ? ಬೇಕು ಎಂದೇ ನನ್ನ ಉತ್ತರ. ಆದರೆ ಯಾರೂ ಇಲ್ಲದ ಜಾಗಗಳಿಗೆ ಬೇಕು.

ಅದೇ 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಜಿಪಿಟಿ-4 ಎಂಬ ಎಐಯನ್ನು ಪರೀಕ್ಷಿಸಿದರು. ಇಂಗ್ಲಿಷಿನಲ್ಲಿ ಕೇಳಿದರೆ ಅದು ಒಲ್ಲೆ ಎನ್ನುತ್ತಿದ್ದ ಅಪಾಯದ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ ಭಾಷೆಗಳಿಗೆ ತಿರುಗಿಸಿ ಕೇಳಿದರು. ಆ ಭಾಷೆಗಳನ್ನು ಒಟ್ಟಾಗಿ ಬಳಸಿದಾಗ ನೂರರಲ್ಲಿ 79 ಪ್ರಶ್ನೆಗಳಿಗೆ ಕಾವಲು ಮುರಿಯಿತು. ಇಂಗ್ಲಿಷಿನಲ್ಲಿ ಅದು ನೂರಕ್ಕೆ ಒಂದೂ ಇರಲಿಲ್ಲ. ಹಾಕಿದ ಕಾವಲು ಆ ಭಾಷೆಗಳಿಗೆ ಸಾಕಷ್ಟು ತಲುಪಿರಲಿಲ್ಲ. ಅತ್ತಾವರದ ಕೆಎಂಸಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಗಳಿಗೆ ನಿಂತರೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ನಾಳೆ ಮನೆಯ ಅಜ್ಜಿ ತನ್ನ ಮಾತ್ರೆಯ ವಿಷಯವನ್ನು ತುಳುವಿನಲ್ಲಿ ಮೊಬೈಲಿಗೆ ಕೇಳಿದರೆ, ಬಂದ ಉತ್ತರ ಸರಿಯೇ ಎಂದು ನೋಡುವವರು ಕ್ಯಾಲಿಫೋರ್ನಿಯಾದಲ್ಲಿ ಸಿಗಲಾರರು. ಇಲ್ಲಿಯವರೇ ಆಗಬೇಕು, ಅದರಲ್ಲೂ ದಾದಿಯರು, ಔಷಧಶಾಸ್ತ್ರ ಓದಿದವರು.

ಇನ್ನೊಂದು ಕೊರತೆಯನ್ನು ನಮ್ಮ ಜಿಲ್ಲೆ ನೋವುಂಡು ಅರಿತಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಉರುಳಿ 158 ಜನ ತೀರಿಕೊಂಡರು. ಕಾಕ್‌ಪಿಟ್ಟಿನ ಯಂತ್ರ ಎಚ್ಚರಿಸಿತ್ತು. ಇಳಿಸದೆ ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಕೂಡ ಹೇಳಿದ್ದರು. ಆದರೂ ವಿಮಾನ ಇಳಿಯಿತು. ಎಚ್ಚರಿಕೆ ಕೊಡುವುದು ಒಂದು ಕೆಲಸ, ಎಚ್ಚರಿಸಿದವನ ಮಾತಿಗೆ ಎಲ್ಲವೂ ನಿಲ್ಲುವಂತೆ ನಿಯಮ ಕಟ್ಟುವುದು ಇನ್ನೊಂದು. ಎಐ ವಿಷಯದಲ್ಲಿ ಈ ಎರಡನೆಯದಕ್ಕೆ ಕಾನೂನು, ಮನಶ್ಶಾಸ್ತ್ರ, ಆಡಳಿತ ಓದಿದವರು ಬೇಕು.

ಕೆಲಸ ಎಲ್ಲಿದೆ ಎಂದು ಹೆತ್ತವರು ಕೇಳುವುದು ನ್ಯಾಯ. 2025ರ ಜನವರಿಯಲ್ಲಿ ಕೇಂದ್ರ ಸರಕಾರ ಎಐ ಸುರಕ್ಷತಾ ಸಂಸ್ಥೆಯನ್ನು ಘೋಷಿಸಿದೆ, ನಿಜ. ಆದರೂ ಇದೇ ಹೆಸರಿನ ಹುದ್ದೆಗಳು ಇನ್ನೂ ಕಡಿಮೆ. ಶಿಕ್ಷಣ ಸಾಲ ಹೊತ್ತ ಮಗು ಸಿಕ್ಕ ಕೆಲಸ ಬಿಟ್ಟು ಇದಕ್ಕೆ ಧುಮುಕಲಿ ಎಂದು ನಾನು ಹೇಳಲಾರೆ. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಇದ್ದುಕೊಂಡೇ, ಅಲ್ಲಿಗೆ ಬರುವ ಎಐಯನ್ನು ಪರೀಕ್ಷಿಸುವ ಹೊಣೆಯನ್ನು ಕೇಳಿ ಪಡೆಯಬಹುದು. ಒಲವಿದೆಯೇ ಎಂದು ತಿಳಿಯಲು ಅಂತಿಮ ವರ್ಷದ ಪ್ರಾಜೆಕ್ಟ್ ಸಾಕು: ಔಷಧಗಳ ಬಗ್ಗೆ ತುಳುವಿನಲ್ಲಿ ಒಂದು ನೂರು ಪ್ರಶ್ನೆ ಬರೆದು, ಎಐ ಕೊಟ್ಟ ಉತ್ತರಗಳನ್ನು ತುಳು ಬಲ್ಲ ವೈದ್ಯರಿಂದ ತಿದ್ದಿಸಿ, ತಪ್ಪುಗಳನ್ನು ಆ ಎಐ ಕಟ್ಟಿದ ಕಂಪನಿಗೆ ಬರೆದು ಕಳಿಸಿ.